ಇಂಬಳ ಬಿಟ್ಟುಕೊಂಡ ದಿನ

ಎದೆಯೊಳಗೆ ಲೋಹದ ವಾಲ್ವ್ ಹಾಕಿಸಿಕೊಂಡು ಹಾನುಬಾಳಿನ ಮನೆಗೆ ಮರಳಿದ ಮೇಲೆ ನನಗೆ ಎರಡು ಹೆದರಿಕೆ. ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ವಾಲ್ವಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನುಂಗಿದರೆ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ. ಇದರ ಮೇಲೆ ಕೀಲು ಊದಿಸುವ ಗೌಟ್ ಬೇರೆ. ಒಂದು ಮಳೆಗಾಲ ಕಾಲಿನ ಹೆಬ್ಬೆರಳು ಊದಿ ಕೆಂಡವಾಯಿತು. ಹೊದಿಕೆ ತಾಗಿದರೂ ಜೀವ ಹೋದಂತಾಗುತ್ತಿತ್ತು. ಅಂಗಡಿಯ ನೋವಿನ ಮಾತ್ರೆ ಮುಟ್ಟಲೇಬೇಡಿ ಎಂದು ಡಾಕ್ಟರು ಮೊದಲೇ ಗದರಿಸಿದ್ದರು.

"ಕೆಟ್ಟ ರಕ್ತ ಸೇರ್ಕಂಡೈತೆ ಕಣೋ ಮಗ. ಇಂಬಳ ಬಿಟ್ರೆ ಹೀರ್ಕಂಬುಡ್ತದೆ," ಎಂದಳು ಅವ್ವ.

ತೋಟದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳವನ್ನು ಊದಿದ ಜಾಗಕ್ಕೆ ಬಿಡುವುದು ನಮ್ಮ ಮನೆಯ ಹಳೆಯ ಮದ್ದು. ಡಾಕ್ಟರು ಬೇಡವೆಂದದ್ದು ಮಾತ್ರೆ ತಾನೇ, ಇಂಬಳಕ್ಕೇನು ಎಂದುಕೊಂಡೆ ನಾನು, ದಡ್ಡ.

ಇಂಬಳ ಹೊಟ್ಟೆ ತುಂಬಿ ಉದುರಿತು. ರಕ್ತ ನಿಲ್ಲಲಿಲ್ಲ. ಅವ್ವ ಸುಣ್ಣ ಒತ್ತಿದಳು, ಕಾಫಿಪುಡಿ ಒತ್ತಿದಳು, ಎರಡೂ ತೊಳೆದುಹೋದವು. ಸೀರೆಯ ಸೆರಗು ಹರಿದು ಕಟ್ಟಿದಳು, ಅದೂ ತೊಯ್ದಿತು. ಜೀಪು ತರಲು ತಮ್ಮ ಓಡಿದ.

"ನೋವು ಹೆಂಗೈತೋ?" ಅವ್ವ ಅಳುತ್ತ ಕೇಳಿದಳು.

"ಸುಮ್ನಿರವ್ವ!" ಎಂದು ರೇಗಿದೆ. ನೋವು ಯಾರಿಗೆ ನೆನಪಿತ್ತು? ನನಗೆ ಕೇಳುತ್ತಿದ್ದದ್ದು ಎದೆಯೊಳಗಿನ ವಾಲ್ವಿನ ಟಿಕ್ ಟಿಕ್ ಸದ್ದೊಂದೇ. ಆಸ್ಪತ್ರೆಯಿಂದ ಬಂದಾಗಿನಿಂದ ಅದು ನಿಲ್ಲದಿರಲಿ ಎಂದು ದಿನಾ ಬೇಡಿಕೊಂಡವನು ನಾನು. ಈಗ ಅದು ಟಿಕ್ ಎಂದಾಗಲೆಲ್ಲ ಕಾಲ ಕೆಳಗಿನ ಬೋಗುಣಿಗೆ ಒಂದು ಹನಿ ಬೀಳುತ್ತಿತ್ತು.