ವಟ್ಟ ಕೊಡದವರು

ನಮ್ಮ ಹುಣಸೂರಿನ ಕ್ಷೌರದವರು ಮೊದಲ ಮಹಾಯುದ್ಧದಲ್ಲಿ ದಂಡಿನ ಜೊತೆ ಈಜಿಪ್ಟಿಗೆ ಹೋಗಿಬಂದವರು. ಯುದ್ಧದ ಸುದ್ದಿ ಕೇಳಿದರೆ, ಕತ್ತಿ ಮಸೆಯುತ್ತಾ ವಟ್ಟದ ಸುದ್ದಿ ಹೇಳುತ್ತಿದ್ದರು. ಒಂದು ದೇಶದ ದುಡ್ಡನ್ನು ಇನ್ನೊಂದಕ್ಕೆ ಬದಲಿಸಿಕೊಡುವವರು ಮುರಿದುಕೊಳ್ಳುವ ಆ ಕಾಸಿನ ಮೇಲೆ ಅವರಿಗೆ ಶತ್ರುಗಳಿಗಿಂತ ಹೆಚ್ಚು ಸಿಟ್ಟು.

"ನಾನು ವಟ್ಟ ಕೊಟ್ಟೋನಲ್ಲ ಕಣ್ಲಾ," ಎನ್ನುತ್ತಾ ನನ್ನ ಗಲ್ಲ ಹಿಡಿದು ತಿರುಗಿಸುವರು. "ಅಲ್ಲೇ ಗಡ್ಡ ಕೆರೆದೆ, ಅಲ್ಲೀ ಕಾಸೇ ಈಸ್ಕೊಂಡೆ, ಅಲ್ಲೇ ಉಂಡೆ. ನಮ್ ರೂಪಾಯಿ ಸೊಂಟದಿಂದ ಆಚೆಗೇ ಬರ್ನಿಲ್ಲ."

ಆದರೆ ಹಡಗು ಹತ್ತುವ ಅವಸರದಲ್ಲಿ ಅಲ್ಲಿಯ ಒಂದು ತೂತಿನ ನಾಣ್ಯ ಖರ್ಚಾಗದೆ ಉಳಿದಿತ್ತು. ಬೊಂಬಾಯಿಯಲ್ಲಿ ಅದನ್ನು ಬದಲಿಸಲು ವಟ್ಟ ಕೇಳಿದರಂತೆ. ಇವರು ಕೊಡಲಿಲ್ಲ. ನಾಣ್ಯ ಇಪ್ಪತ್ತು ವರ್ಷ ಕ್ಷೌರದ ಪೆಟ್ಟಿಗೆಗೆ ದಾರದಲ್ಲಿ ನೇತಾಡಿತು.

ಎರಡನೆಯ ಯುದ್ಧಕ್ಕೆ ನಾನು ಸೇರಿದೆ. ಹೋಗುವುದು ಈಜಿಪ್ಟಿಗೇ ಎಂದು ತಿಳಿದ ದಿನ ಅವರು ದಾರ ಕತ್ತರಿಸಿ, ನಾಣ್ಯವನ್ನು ನನ್ನ ಅಂಗೈಗಿಟ್ಟರು. ಕಣ್ಣು ಒದ್ದೆಯಾಗಿತ್ತು.

"ಇದ್ರಲ್ಲಿ ಒಂದು ಟೀ ಕುಡಿ ಮಗ. ಎಲ್ಲೂ ಬದ್ಲಾಯಿಸ್ಬ್ಯಾಡ ಕಣ."

ಕೈರೋದ ಅಂಗಡಿಯೊಂದರಲ್ಲಿ ಕುಡಿದೆ. ಯುದ್ಧ ಮುಗಿದು ಊರಿಗೆ ಬಂದವನೇ ಅವರ ಮುಂದೆ ಗಡ್ಡಕ್ಕೆ ಕೂತೆ. ಮುಖಕ್ಕೆ ಸೋಪು ಹಚ್ಚಿದ್ದರು. ಟೀ ಅಂಗಡಿಯವನು ವಾಪಸು ಕೊಟ್ಟಿದ್ದ ಚಿಲ್ಲರೆಯನ್ನು ಜೋಪಾನವಾಗಿ ತಂದಿದ್ದೆ. ಪ್ರಾಮಾಣಿಕತೆಯಿಂದ ಅವರ ಕೈಗಿಟ್ಟೆ. ಅಂಥದೇ ತೂತಿನ, ಇನ್ನೂ ಚಿಕ್ಕ ನಾಣ್ಯ.

ಅವರು ಅದನ್ನೇ ನೋಡುತ್ತಾ ನಿಂತರು. ನನ್ನ ಕೆನ್ನೆಯ ಸೋಪು ಒಣಗಿತು.

"ಇನ್ನೊಂದು ಟೀ ಕುಡುದ್ರೆ ಸಾಯ್ತಿದ್ದೇನ್ಲಾ?" ಎಂದರು.

ಆಮೇಲೆ ದಾರ ಹುಡುಕತೊಡಗಿದರು.