ನನಗೆ ಬಂದಿದ್ದ ಸ್ಕೋರ್

ಎಂಬಿಎ ಅರ್ಜಿಗಳಲ್ಲಿ ಬರೆದದ್ದು ನಿಜವೇ ಎಂದು ಹೋಗಿ ನೋಡಿ ಬರುವುದು ಕಾಲೇಜಿನಲ್ಲಿ ನನ್ನ ಕೆಲಸ. ‘ಕೊಬ್ಬರಿ ವ್ಯಾಪಾರದಲ್ಲಿ ಮೂರು ವರ್ಷ ಅನುಭವ’ ಎಂದಿದ್ದ ಹುಡುಗಿಯನ್ನು ನೋಡಲು ಅರಸೀಕೆರೆಗೆ ಹೋದೆ. ಸುಳ್ಳೇ ಇರಬೇಕು ಅಂದುಕೊಂಡಿದ್ದೆ. ಅವರಪ್ಪನ ಶೆಡ್ಡಿನಲ್ಲಿ ಅವಳು ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಎರಡು ಒಡೆಸಿ ನೋಡಿದೆ. ಅವಳು ಹೇಳಿದ್ದೇ ಸರಿ.

“ಅನುಭವ ಸರಿ ಕಣಮ್ಮ, ಎಂಟ್ರೆನ್ಸ್ ಸ್ಕೋರೇ ಸಾಲಲ್ಲ,” ಅಂದೆ.

“ನಿಮಗೆ ಎಷ್ಟು ಬಂದಿತ್ತು ಸಾರ್?”

“ತೊಂಬತ್ತೆರಡು.”

ಬಂದಿದ್ದು ಅರವತ್ತೊಂದು. ಸೀಟು ಸಿಕ್ಕಿದ್ದು ಮ್ಯಾನೇಜ್‌ಮೆಂಟ್ ಕೋಟಾದಲ್ಲಿ.

“ಹಂಗಾದ್ರೆ ಇನ್ನೊಂದು ವರ್ಷ ಕೂತು ಓದ್ತೀನಿ ಸಾರ್,” ಅಂದಳು. ನನ್ನ ಮಾತನ್ನು ಪೂರ್ತಿ ನಂಬಿದ್ದಳು.

ವರದಿಯಲ್ಲಿ ‘ಅಭ್ಯರ್ಥಿ ಹೇಳಿದ್ದೆಲ್ಲ ನಿಜ’ ಎಂದು ಬರೆದೆ. ತಪಾಸಣೆಗೆ ಹೋದವನು ಏನು ಹೇಳಿದ ಅನ್ನುವುದಕ್ಕೆ ಆ ಫಾರಂನಲ್ಲಿ ಕಾಲಂ ಇಲ್ಲ, ಪುಣ್ಯಕ್ಕೆ.