ಹೊಗೆಯೊಳಗಿದ್ದ ಖಮೀರಾ

ಕೊಲ್ಲಿ ದೇಶದ ಸಿಲಿಕಾನ್ ಓಯಸಿಸ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಫೈರ್ ಅಲಾರಂ ಆಗಾಗ ಸುಮ್ಮನೆ ಕೂಗುತ್ತದೆ. ಆ ಮಧ್ಯಾಹ್ನ ಮಾತ್ರ ಮೆಟ್ಟಿಲ ತುಂಬ ನಿಜವಾದ ಹೊಗೆ. ಎಲ್ಲರ ಜೊತೆ ಇಳಿಯುತ್ತಿದ್ದಾಗ, ಮೇಲಿನ ಮಹಡಿಗೆ ಹೊಸದಾಗಿ ಬಂದಿದ್ದ ಸಿರಿಯಾದ ಅಜ್ಜಿ ನನ್ನ ತೋಳು ಹಿಡಿದುಕೊಂಡರು.

"ಖಮೀರಾ! ಖಮೀರಾ ಇನ್‌ಸೈಡ್! ಅಲೋನ್!"

"ಮೊಮ್ಮಗಳಾ? ಎಷ್ಟು ದೊಡ್ಡವಳು?" ಎಂದೆ ಇಂಗ್ಲಿಷಿನಲ್ಲಿ. ಅಳುತ್ತಲೇ ಒಂದು ಗೇಣು ತೋರಿಸಿದರು. ಹಸುಗೂಸು! ಅವರ ಕೈಯಲ್ಲಿದ್ದ ಕೀಲಿ ಕಸಿದುಕೊಂಡು ಮೇಲಕ್ಕೆ ಓಡಿದೆ.

ಮನೆಯೊಳಗೂ ಹೊಗೆ ನುಗ್ಗಿತ್ತು. ಮಂಚದ ಕೆಳಗೆ, ಪರದೆಯ ಹಿಂದೆ ಹುಡುಕಿದೆ. "ಖಮೀರಾ!" ಎಂದು ಕೂಗಿ ಕಿವಿಗೊಟ್ಟೆ. ಅಳು ಕೇಳಲಿಲ್ಲ. ಮಗು ಉಸಿರುಗಟ್ಟಿ ಹೋಯಿತೇನೋ ಎಂದು ಕಪಾಟುಗಳನ್ನೂ ತೆರೆದು ನೋಡಿದೆ.

ಅಷ್ಟರಲ್ಲಿ ಅಜ್ಜಿ ಕೆಮ್ಮುತ್ತ ಹಿಂದೆಯೇ ಬಂದರು. ನೇರ ಅಡುಗೆಮನೆಗೆ ಹೋಗಿ ಬಟ್ಟೆ ಮುಚ್ಚಿದ ಗಾಜಿನ ಭರಣಿಯೊಂದನ್ನು ಎದೆಗವಚಿಕೊಂಡರು. ಒಳಗೆ ಹಿಟ್ಟು ಗುಳ್ಳೆಯೇಳುತ್ತಿತ್ತು.

"ಮಗು ಎಲ್ಲಮ್ಮಾ?" ನಾನು ಕನ್ನಡದಲ್ಲೇ ಚೀರಿದೆ. "ಬೇಬಿ! ಬೇಬಿ!"

"ಮಾಫಿ ಬೇಬಿ," ಎಂದು ಇಲ್ಲವೆನ್ನುವಂತೆ ತಲೆಯಾಡಿಸಿ, ಭರಣಿ ತೋರಿಸಿ ಬಾಗಿಲ ಕಡೆ ಅವಸರಪಡಿಸಿದರು. "ಖಮೀರಾ. ಯಲ್ಲಾ!"

ಅವರನ್ನು ಹಿಡಿದುಕೊಂಡು ಕೆಳಗಿಳಿದೆ. ಯಾರದೋ ಅಡುಗೆಮನೆಯಲ್ಲಿ ಬೆಂಕಿ ಹೊತ್ತಿತ್ತಂತೆ, ಬೇಗ ಆರಿತು. ಕೆಲಸದಿಂದ ಓಡಿಬಂದ ಅಜ್ಜಿಯ ಮಗಳು ಕ್ಷಮೆ ಕೇಳಿ ವಿವರಿಸಿದಳು: ಖಮೀರಾ ಎಂದರೆ ರೊಟ್ಟಿ ಉಬ್ಬಿಸುವ ಹುಳಿಹಿಟ್ಟು. ತಮ್ಮೂರು ಅಲೆಪ್ಪೋದಲ್ಲಿ ಅಜ್ಜಿಯ ಅಜ್ಜಿ ಕಲಸಿದ್ದು, ದಿನಾ ಹೊಸ ಹಿಟ್ಟು ನೀರು ಹಾಕುತ್ತ ಇಂದಿಗೂ ಜೀವಂತ ಉಳಿಸಿಕೊಂಡಿದ್ದು. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆಲ್ಲ ಒಂದು ಪಾಲು. ಅಲ್ಲಿನ ಮನೆ ಈಗಿಲ್ಲ, ಉಳಿದಿದ್ದು ಇಷ್ಟೇ.

ಮರುದಿನ ಅಜ್ಜಿ ನನಗೂ ಒಂದು ಪಾಲು ತಂದುಕೊಟ್ಟರು. ಬೇಡವೆನ್ನಲಾಗಲಿಲ್ಲ. ಈಗ ರಜೆಗೆ ಊರಿಗೆ ಹೊರಟರೆ, ಅದಕ್ಕೆ ಹಿಟ್ಟು ನೀರು ಹಾಕುವವರು ಯಾರೆಂದು ನಾನೂ ಹೆಂಡತಿಯೂ ಹೆದರುತ್ತೇವೆ.